ಓದಿಗೆ ಸರ್ಕಾರದ ದುಡ್ಡು: ಇಲ್ಲಿ ಯಾರಿಗೆ, ಹೊರದೇಶದಲ್ಲಿ ಯಾರಿಗೆ, ಕೇಳುವುದು ಹೇಗೆ

ಎಜುಕೇಶನ್ ಲೋನ್ ಅಂದ ಕೂಡಲೇ ಎಲ್ಲರೂ ಕೇಳುವುದು "ಬಡ್ಡಿ ಎಷ್ಟು?" ಅಂತ. ಕೇಳಲೇಬೇಕು, ತಪ್ಪಿಲ್ಲ. ಆದರೆ ಅದಕ್ಕೂ ಮುಂಚೆ ಮೂರು ವಿಷಯ ಗೊತ್ತಾಗಬೇಕು. ಈ ದುಡ್ಡು ನನಗೆ ಸಿಗುವಂಥದ್ದೇ? ಓದುವಾಗಲೇ ಬಡ್ಡಿ ಓಡುತ್ತದೆಯೇ? ಕೆಲಸ ಸಿಗದಿದ್ದರೂ ಕಂತು ಕಟ್ಟಬೇಕೇ?

ಈ ಮೂರಕ್ಕೆ ಒಂದೊಂದು ದೇಶದ ಸರ್ಕಾರ ಒಂದೊಂದು ಉತ್ತರ ಕೊಡುತ್ತದೆ. 2023ರ ಆಗಸ್ಟ್ ನಂತರ ಡಿಗ್ರಿ ಸೇರಿದ ಇಂಗ್ಲೆಂಡಿನ ವಿದ್ಯಾರ್ಥಿ ವರ್ಷಕ್ಕೆ 25,000 ಪೌಂಡ್ ದಾಟಿ ದುಡಿಯುವವರೆಗೆ ಏನನ್ನೂ ಕಟ್ಟಬೇಕಿಲ್ಲ. ಜರ್ಮನಿಯ ವಿದ್ಯಾರ್ಥಿ ಸರ್ಕಾರದಿಂದ ಪಡೆದ ಹಣದಲ್ಲಿ ಅರ್ಧ ವಾಪಸೇ ಕೊಡಬೇಕಿಲ್ಲ. ನಮ್ಮಲ್ಲಿ ಓದು ಮುಗಿದು ಒಂದು ವರ್ಷ ಆಯಿತೆಂದರೆ ಕಂತು ಶುರು. ಸಂಬಳ ಬಂತಾ, ಇಲ್ಲವಾ ಅಂತ ಬ್ಯಾಂಕು ನೋಡುವುದಿಲ್ಲ, ಕ್ಯಾಲೆಂಡರ್ ನೋಡುತ್ತದೆ.

ಹಾಗಂತ ಇಂಗ್ಲೆಂಡಿಗೋ ಜರ್ಮನಿಗೋ ಹೋದರೆ ಆ ಸೌಲಭ್ಯ ನಮಗೂ ಸಿಗುತ್ತದೆ ಅಂದುಕೊಳ್ಳಬೇಡಿ. ಹುಬ್ಬಳ್ಳಿಯಿಂದ ಸ್ಟೂಡೆಂಟ್ ವೀಸಾದಲ್ಲಿ ಹೋದವನ ಹೆಗಲ ಮೇಲಿರುವುದು ಹುಬ್ಬಳ್ಳಿಯ ಬ್ಯಾಂಕಿನ ಸಾಲವೇ.

ಆದ್ದರಿಂದ ನೀವು ಯಾವ ಗುಂಪಿನವರು ಅಂತ ಮೊದಲು ನೋಡಿಕೊಳ್ಳಿ. ಇಲ್ಲೇ ಓದುವವರು, ಇಲ್ಲಿಂದ ಹೊರದೇಶಕ್ಕೆ ಓದಲು ಹೋಗುವವರು, ಅಪ್ಪ ಅಮ್ಮ ಆಗಲೇ ಹೊರದೇಶದಲ್ಲಿ ನೆಲೆಸಿರುವವರು. ಮೂವರ ದಾರಿಯೂ ಬೇರೆ. ಮೊದಲ ಇಬ್ಬರು ಮುಂದಿನ ಹೆಜ್ಜೆಯಿಂದ ಓದಿ. ಮೂರನೆಯವರು ಸೀದಾ ಏಳನೇ ಹೆಜ್ಜೆಗೆ ಹೋಗಬಹುದು.

1. ಸೀಟು ಸಿಗುವ ಮುಂಚೆ ಕಾಗದ ಸರಿ ಮಾಡಿ

ಅರ್ಜಿಗಳು ನಿಂತುಹೋಗುವುದು ಹೆಚ್ಚಾಗಿ ಹೆಸರಿನಲ್ಲಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ "ಮಂಜುನಾಥ ಎಸ್", ಆಧಾರ್‌ನಲ್ಲಿ "ಮಂಜುನಾಥ ಶಿವಪ್ಪ", ಪಾಸ್‌ಬುಕ್‌ನಲ್ಲಿ "ಎಸ್ ಮಂಜುನಾಥ್". ನಮಗೆ ಮೂವರೂ ಒಬ್ಬರೇ. ಕಂಪ್ಯೂಟರಿಗೆ ಮೂರು ಜನ. ನನ್ನ ಸಲಹೆ: ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯನ್ನೇ ಮೂಲವಾಗಿ ಹಿಡಿಯಿರಿ. ಅದರ ಪ್ರಕಾರ ಆಧಾರ್ ತಿದ್ದಿಸಿ, ಆಮೇಲೆ ಪ್ಯಾನ್, ಆಮೇಲೆ ಬ್ಯಾಂಕ್ ಖಾತೆ. ಆಧಾರ್‌ನಲ್ಲಿ ಹೆಸರು ಬದಲಾಯಿಸಲು ಜೀವನದಲ್ಲಿ ಎರಡೇ ಅವಕಾಶ. ಸೈಬರ್ ಸೆಂಟರ್‌ನಲ್ಲಿ ಅವಸರದಲ್ಲಿ ಒತ್ತಿಸಬೇಡಿ, ಪಕ್ಕದಲ್ಲಿ ನಿಂತು ಅಕ್ಷರ ಅಕ್ಷರ ನೋಡಿ. ಹೊರದೇಶಕ್ಕೆ ಹೋಗುವ ಯೋಚನೆ ಇದ್ದರೆ ಇನಿಶಿಯಲ್ ಬಿಡಿಸಿ ಬರೆಸಿಕೊಳ್ಳಿ. ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಕೇಳಿದಾಗ ತಲೆ ಕೆರೆದುಕೊಳ್ಳುವುದು ತಪ್ಪುತ್ತದೆ.

ಎರಡನೆಯದು ನಾಡಕಚೇರಿಯ ಜಾತಿ ಮತ್ತು ಆದಾಯ ಪ್ರಮಾಣಪತ್ರ. ಅದರಲ್ಲಿ ಆರ್‌ಡಿ ಅಂತ ಶುರುವಾಗುವ ನಂಬರ್ ಇರುತ್ತದೆ. ರಾಜ್ಯದ ವಿದ್ಯಾರ್ಥಿವೇತನಕ್ಕೆ ಅದೇ ಕೀಲಿ. ಆದಾಯ ಪತ್ರಕ್ಕೆ ಐದು ವರ್ಷ ಬೆಲೆ ಇರುತ್ತದೆ. ಅವಧಿ ಮುಗಿಯುವ ಹಾಗಿದ್ದರೆ ಮೇ ತಿಂಗಳಲ್ಲೇ ಹೊಸದು ಮಾಡಿಸಿ. ಅಡ್ಮಿಷನ್ ಸಮಯದಲ್ಲಿ ಹೋದರೆ ಇಡೀ ಹೋಬಳಿಯೇ ಅಲ್ಲಿ ಸಾಲಿನಲ್ಲಿ ನಿಂತಿರುತ್ತದೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಆದಾಯ ಪತ್ರದಲ್ಲಿ 60 ಸಾವಿರ ತೋರಿಸಿ, ಬ್ಯಾಂಕಿಗೆ ಕೊಟ್ಟ ಐಟಿ ರಿಟರ್ನ್‌ನಲ್ಲಿ 6 ಲಕ್ಷ ತೋರಿಸುವವರಿದ್ದಾರೆ. ಎರಡೂ ಕಾಗದ ಒಂದೇ ಫೈಲಿನಲ್ಲಿ ಕೂರುತ್ತವೆ. ಮ್ಯಾನೇಜರ್ ಸುಮ್ನೆ ಬಿಡುತ್ತಾರೆಯೇ?

ಮೂರನೆಯದು, ವಿದ್ಯಾರ್ಥಿಯ ಹೆಸರಿನಲ್ಲೇ ಖಾತೆ, ಅದಕ್ಕೆ ಆಧಾರ್ ಸೀಡಿಂಗ್. ಖಾತೆಗೆ ಆಧಾರ್ ಲಿಂಕ್ ಇದ್ದರೆ ಸಾಲದು, ಸರ್ಕಾರದ ಹಣ ನೇರವಾಗಿ (ಇದಕ್ಕೇ ಡಿಬಿಟಿ ಅನ್ನುವುದು) ಆ ಖಾತೆಗೇ ಬರುವ ಹಾಗೆ ಎನ್‌ಪಿಸಿಐ, ಅಂದರೆ ರಾಷ್ಟ್ರೀಯ ಪಾವತಿ ನಿಗಮದ ಮ್ಯಾಪಿಂಗ್ ಆಗಿರಬೇಕು. ಬ್ಯಾಂಕಿನಲ್ಲಿ "ಡಿಬಿಟಿಗೆ ಸೀಡಿಂಗ್ ಮಾಡಿಕೊಡಿ" ಅಂತಲೇ ಕೇಳಿ, ಅರ್ಜಿ ಕೊಡಿ.

2. ವಾಪಸ್ ಕೊಡಬೇಕಿಲ್ಲದ ದುಡ್ಡು ಮೊದಲು

ಸಾಲದ ಅರ್ಜಿ ಹಾಕುವ ಮುಂಚೆ ವಿದ್ಯಾರ್ಥಿವೇತನ ನೋಡಿ. ಕರ್ನಾಟಕದಲ್ಲಿ ಇದಕ್ಕೆ ಎರಡು ಬಾಗಿಲು.

ಒಂದು, ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್, ಅಂದರೆ ಎಸ್‌ಎಸ್‌ಪಿ. ಸಮಾಜ ಕಲ್ಯಾಣ, ಪರಿಶಿಷ್ಟ ವರ್ಗ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರ ಇಲಾಖೆಗಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ, ಶುಲ್ಕ ವಿನಾಯಿತಿ, ಹಾಸ್ಟೆಲ್ ಸಿಗದವರಿಗೆ ಇರುವ ವಿದ್ಯಾಸಿರಿ, ಎಲ್ಲಕ್ಕೂ ಇಲ್ಲೇ ಅರ್ಜಿ. ರೈತರ ಮಕ್ಕಳಿಗೆ 2021ರಲ್ಲಿ ಮುಖ್ಯಮಂತ್ರಿ ರೈತ ವಿದ್ಯಾನಿಧಿ ಬಂತು. ಅದರಲ್ಲಿ ನಿಗದಿಯಾದ ಮೊತ್ತ ಪಿಯುಸಿ, ಐಟಿಐ, ಡಿಪ್ಲೊಮಾಗೆ ವರ್ಷಕ್ಕೆ ಹುಡುಗರಿಗೆ 2,500, ಹುಡುಗಿಯರಿಗೆ 3,000. ಬಿಎ, ಬಿಎಸ್ಸಿ, ಬಿಕಾಂಗೆ 5,000 ಮತ್ತು 5,500. ಎಂಜಿನಿಯರಿಂಗ್, ಎಂಬಿಬಿಎಸ್, ಸ್ನಾತಕೋತ್ತರಕ್ಕೆ 10,000 ಮತ್ತು 11,000.

ಇನ್ನೊಂದು ಕೇಂದ್ರದ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್, ಅಂದರೆ ಎನ್‌ಎಸ್‌ಪಿ. ಪಿಯುಸಿಯಲ್ಲಿ ತಮ್ಮ ಬೋರ್ಡ್‌ನ ಮೇಲಿನ ಶೇ 20ರೊಳಗೆ ಬಂದವರಿಗೆ, ಮನೆ ಆದಾಯ 4.5 ಲಕ್ಷದೊಳಗಿದ್ದರೆ, ಡಿಗ್ರಿಗೆ ವರ್ಷಕ್ಕೆ 12,000 ರೂಪಾಯಿ ಇದೆ. ಕೇಂದ್ರದ ತಾಂತ್ರಿಕ ಶಿಕ್ಷಣ ಮಂಡಳಿಯ (ಎಐಸಿಟಿಇ) ಮಾನ್ಯತೆ ಇರುವ ಎಂಜಿನಿಯರಿಂಗ್ ಅಥವಾ ಡಿಪ್ಲೊಮಾ ಸೇರುವ ಹುಡುಗಿಯರಿಗೆ ಪ್ರಗತಿ ವಿದ್ಯಾರ್ಥಿವೇತನ ವರ್ಷಕ್ಕೆ 50,000. ಆದಾಯ ಮಿತಿ 8 ಲಕ್ಷ, ಒಂದು ಮನೆಯಿಂದ ಇಬ್ಬರು ಹೆಣ್ಣುಮಕ್ಕಳವರೆಗೆ. ಇದು ಸಣ್ಣ ಮೊತ್ತ ಅಲ್ಲ. ಆದರೂ ಎಷ್ಟೋ ಮನೆಗಳಲ್ಲಿ ಇದರ ಹೆಸರೇ ಗೊತ್ತಿರುವುದಿಲ್ಲ.

ಅರ್ಜಿ ಹಾಕಿದರೆ ಕೆಲಸ ಮುಗಿಯಲಿಲ್ಲ. ಕಾಲೇಜಿನವರು ಅದನ್ನು ಆನ್‌ಲೈನ್‌ನಲ್ಲಿ ದೃಢೀಕರಿಸಬೇಕು. ಪ್ರಿಂಟ್ ತೆಗೆದು, ಶುಲ್ಕದ ರಸೀದಿ ಜೊತೆ ಕಾಲೇಜಿನ ಸ್ಕಾಲರ್‌ಶಿಪ್ ವಿಭಾಗಕ್ಕೆ ಕೊಟ್ಟು, ಹತ್ತು ದಿನ ಬಿಟ್ಟು ಸ್ಟೇಟಸ್ ನೋಡಿ. ಅಲ್ಲಿ ಇನ್ನೂ "ಪೆಂಡಿಂಗ್" ಇದ್ದರೆ ಮತ್ತೆ ಹೋಗಿ ಕೇಳಿ. ಮುಜುಗರ ಬೇಡ.

3. ನಿಗಮದ ಸಾಲ

ಬ್ಯಾಂಕಿಗಿಂತ ಮುಂಚೆ ವಿಚಾರಿಸಬೇಕಾದ ಇನ್ನೊಂದು ಜಾಗ ಅಭಿವೃದ್ಧಿ ನಿಗಮಗಳು. ಡಿ. ದೇವರಾಜ ಅರಸು ಹಿಂದುಳಿದ ವರ್ಗಗಳ ಅಭಿವೃದ್ಧಿ ನಿಗಮ ಮತ್ತು ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ "ಅರಿವು" ಸಾಲ ಹಳೆಯದು. ಒಕ್ಕಲಿಗ, ವೀರಶೈವ ಲಿಂಗಾಯತ, ಆರ್ಯ ವೈಶ್ಯ ನಿಗಮಗಳಲ್ಲೂ ಇದೇ ಬಗೆಯ ಶೈಕ್ಷಣಿಕ ಸಾಲ ಇದೆ. ಸಿಇಟಿ, ನೀಟ್ ಮೂಲಕ ವೃತ್ತಿಪರ ಕೋರ್ಸ್ ಸೇರುವವರಿಗೆ ಇದು. ಅರಸು ನಿಗಮದ ಅರಿವು ಸಾಲಕ್ಕೆ ಬಡ್ಡಿ ವರ್ಷಕ್ಕೆ ಶೇ 2 ಮಾತ್ರ. ಯಾವ ಬ್ಯಾಂಕೂ ಇದರ ಹತ್ತಿರ ಸುಳಿಯುವುದಿಲ್ಲ.

ತೊಂದರೆ ಏನೆಂದರೆ ಅರ್ಜಿಯ ಸಮಯ ಚಿಕ್ಕದು, ಆ ವರ್ಷದ ಅನುದಾನ ಇದ್ದಷ್ಟೇ ಜನಕ್ಕೆ. ಹಾಗಾಗಿ ಇದೊಂದನ್ನೇ ನಂಬಿ ಕೂರಬಾರದು. ಅರ್ಜಿ ಹಾಕಿ, ಬ್ಯಾಂಕಿನ ದಾರಿಯನ್ನೂ ತೆರೆದಿಟ್ಟುಕೊಳ್ಳಿ. ಮೊದಲ ವರ್ಷ ಸಿಕ್ಕಿತು ಅಂತ ಎರಡನೇ ವರ್ಷ ತಾನಾಗೇ ಬರುವುದೂ ಇಲ್ಲ. ನವೀಕರಣಕ್ಕೆ ಅಂಕಪಟ್ಟಿ ಕೊಡಬೇಕು, ಫೇಲಾಗಿದ್ದರೆ ಕಷ್ಟ.

4. ಬ್ಯಾಂಕ್ ಸಾಲ ಮತ್ತು ಪಿಎಂ ವಿದ್ಯಾಲಕ್ಷ್ಮಿ

ಮೂಲ ನಿಯಮ ಬ್ಯಾಂಕುಗಳ ಸಂಘ ರೂಪಿಸಿದ ಮಾದರಿ ಯೋಜನೆಯದ್ದು. 4 ಲಕ್ಷದವರೆಗೆ ಅಡಮಾನ ಕೇಳುವಂತಿಲ್ಲ, ನಿಮ್ಮ ಕೈಯಿಂದ ಹಾಕಬೇಕಾದ ಪಾಲು, ಅಂದರೆ ಮಾರ್ಜಿನ್ ಕೂಡ ಇಲ್ಲ. 4 ಲಕ್ಷ ದಾಟಿದರೆ ದೇಶದೊಳಗಿನ ಓದಿಗೆ ಶೇ 5, ಹೊರದೇಶಕ್ಕೆ ಶೇ 15 ಮಾರ್ಜಿನ್. 7.5 ಲಕ್ಷದವರೆಗಿನ ಸಾಲಕ್ಕೆ ಕೇಂದ್ರದ ಗ್ಯಾರಂಟಿ ನಿಧಿ ಇದೆ. ಸಾಲ ಕೆಟ್ಟರೆ ಬ್ಯಾಂಕಿಗೆ ಶೇ 75ರಷ್ಟು ಅದು ತುಂಬಿಕೊಡುತ್ತದೆ. ಅದಕ್ಕೂ ಮೇಲೆ ಹೋದರೆ ಆಸ್ತಿ ಅಡಮಾನ.

2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಪಿಎಂ ವಿದ್ಯಾಲಕ್ಷ್ಮಿ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಇದರಲ್ಲಿ ಆಯ್ದ ಉನ್ನತ ಸಂಸ್ಥೆಗಳಿಗೆ ಸೀಟು ಪಡೆದವರಿಗೆ ಅಡಮಾನ ಇಲ್ಲದೆ, ಜಾಮೀನುದಾರ ಇಲ್ಲದೆ ಸಾಲ. ಶುರುವಿನಲ್ಲಿ 860 ಸಂಸ್ಥೆಗಳು. ಕೇಂದ್ರ ಸರ್ಕಾರದ ಕಾಲೇಜು ರ‍್ಯಾಂಕಿಂಗ್ ಆದ ಎನ್‌ಐಆರ್‌ಎಫ್ ಪಟ್ಟಿಯ ಮೊದಲ 100ರೊಳಗಿನವು, 101ರಿಂದ 200ರ ನಡುವಿನ ರಾಜ್ಯ ಸರ್ಕಾರಿ ಸಂಸ್ಥೆಗಳು, ಕೇಂದ್ರ ಸರ್ಕಾರದ ಸಂಸ್ಥೆಗಳು ಇದರೊಳಗೆ ಬರುತ್ತವೆ. ಬೆಂಗಳೂರಿನ ಐಐಎಸ್‌ಸಿ, ಸುರತ್ಕಲ್‌ನ ಎನ್‌ಐಟಿಕೆ, ಧಾರವಾಡದ ಐಐಟಿ ಇವೆಲ್ಲ ಸರಿ. ನಿಮ್ಮ ಕಾಲೇಜು ಪಟ್ಟಿಯಲ್ಲಿ ಇದೆಯಾ ಅಂತ ಪೋರ್ಟಲ್‌ನಲ್ಲೇ ಹುಡುಕಬಹುದು. ಮ್ಯಾನೇಜ್‌ಮೆಂಟ್ ಕೋಟಾ ಸೀಟಿಗೆ ಈ ಯೋಜನೆ ಇಲ್ಲ.

ಬಡ್ಡಿ ಸಹಾಯ ಆದಾಯದ ಮೇಲೆ ಹೋಗುತ್ತದೆ. ಮನೆ ಆದಾಯ 4.5 ಲಕ್ಷದೊಳಗೆ, ತಾಂತ್ರಿಕ ಅಥವಾ ವೃತ್ತಿಪರ ಕೋರ್ಸ್ ಆಗಿದ್ದರೆ, 10 ಲಕ್ಷದವರೆಗಿನ ಸಾಲಕ್ಕೆ ಓದಿನ ಅವಧಿ ಮತ್ತು ಮುಂದಿನ ಒಂದು ವರ್ಷದ ಬಡ್ಡಿಯನ್ನು ಪೂರ್ತಿ ಸರ್ಕಾರ ಕಟ್ಟುತ್ತದೆ. 8 ಲಕ್ಷದೊಳಗೆ ಇದ್ದರೆ ಬಡ್ಡಿ ದರದಲ್ಲಿ ಶೇ 3ರಷ್ಟು. ಈ ಶೇ 3 ವರ್ಷಕ್ಕೆ 1 ಲಕ್ಷ ವಿದ್ಯಾರ್ಥಿಗಳಿಗೆ. ಸರ್ಕಾರಿ ಸಂಸ್ಥೆಯಲ್ಲಿ ಓದುವವರಿಗೆ ಮೊದಲ ಆದ್ಯತೆ.

ಒಂದು ಗಂಟು ಇಲ್ಲಿದೆ. ಬೇರೆ ಸರ್ಕಾರಿ ವಿದ್ಯಾರ್ಥಿವೇತನ ಅಥವಾ ಬಡ್ಡಿ ಸಹಾಯ ಪಡೆಯುವವರಿಗೆ ಆ ಶೇ 3 ಸಿಗುವುದಿಲ್ಲ. ಹಾಗಾದರೆ ಯಾವುದು ಬಿಡಬೇಕು? ಲೆಕ್ಕ ಹಾಕಿ ನೋಡೋಣ.

ನಾಲ್ಕು ವರ್ಷದ ಬಿಇಗೆ 10 ಲಕ್ಷ ಸಾಲ, ವರ್ಷಕ್ಕೆ ಎರಡೂವರೆ ಲಕ್ಷದಂತೆ ಬಿಡುಗಡೆ, ಬಡ್ಡಿ ಶೇ 10 ಅಂತ ಇಟ್ಟುಕೊಳ್ಳಿ. ಓದುವಾಗ ಸರಳ ಬಡ್ಡಿ ಓಡುತ್ತದೆ. ಮೊದಲ ಎರಡೂವರೆ ಲಕ್ಷಕ್ಕೆ ಐದು ವರ್ಷದ ಬಡ್ಡಿ 1.25 ಲಕ್ಷ. ಎರಡನೆಯದಕ್ಕೆ ನಾಲ್ಕು ವರ್ಷ, 1 ಲಕ್ಷ. ಮೂರನೆಯದಕ್ಕೆ 75 ಸಾವಿರ. ನಾಲ್ಕನೆಯದಕ್ಕೆ 50 ಸಾವಿರ. ಒಟ್ಟು 3.5 ಲಕ್ಷ. ಅಂದರೆ ಮೊದಲ ಕಂತು ಕಟ್ಟುವ ದಿನ ನಿಮ್ಮ ಸಾಲ 10 ಲಕ್ಷ ಅಲ್ಲ, 13.5 ಲಕ್ಷ. ಹತ್ತು ವರ್ಷದ ಅವಧಿಗೆ ತಿಂಗಳ ಕಂತು ಸುಮಾರು 17,840 ರೂಪಾಯಿ. ಓದುವಾಗಲೇ ಆ ಬಡ್ಡಿ ತೀರಿದ್ದರೆ ಕಂತು 13,215ರ ಆಸುಪಾಸು. ಹತ್ತು ವರ್ಷಕ್ಕೆ ವ್ಯತ್ಯಾಸ ಐದೂವರೆ ಲಕ್ಷ!

ಶೇ 3 ಸಹಾಯ ಸಿಕ್ಕರೆ ಆ 3.5 ಲಕ್ಷದಲ್ಲಿ 1.05 ಲಕ್ಷ ಉಳಿಯುತ್ತದೆ. ವರ್ಷಕ್ಕೆ 50,000 ಕೊಡುವ ಪ್ರಗತಿ ಸಿಗುತ್ತದೆ ಅಂದರೆ ನಾಲ್ಕು ವರ್ಷಕ್ಕೆ 2 ಲಕ್ಷ, ಅದನ್ನೇ ಹಿಡಿಯಿರಿ. ಪೂರ್ತಿ ಶುಲ್ಕ ವಿನಾಯಿತಿ ಇರುವವರಿಗಂತೂ ಯೋಚನೆಯೇ ಬೇಡ. ವರ್ಷಕ್ಕೆ ಹತ್ತು ಸಾವಿರ ಬರುವವರು ಮಾತ್ರ ಎರಡನ್ನೂ ತೂಗಿ ನೋಡಿ.

ಇನ್ನು ಅರ್ಜಿ. ಪಿಎಂ ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ ಆಧಾರ್ ಜೊತೆ ನೋಂದಣಿ ಮಾಡಿ, ಸಂಸ್ಥೆ ಮತ್ತು ಕೋರ್ಸ್ ಆರಿಸಿ, ಬ್ಯಾಂಕು ಮತ್ತು ಶಾಖೆ ಆರಿಸಿ. ಶಾಖೆಯನ್ನು ಅಪ್ಪ ಅಮ್ಮ ಇರುವ ಊರಿನಲ್ಲೇ ತೆಗೆದುಕೊಳ್ಳುವುದು ಒಳ್ಳೆಯದು. ಮನೆಯವರ ಖಾತೆ ಹತ್ತಾರು ವರ್ಷದಿಂದ ಇರುವ ಶಾಖೆಯಾದರೆ ಇನ್ನೂ ವಾಸಿ. ಬೇಕಾಗುವ ಕಾಗದಗಳು: ಸಿಇಟಿ ನಡೆಸುವ ಕೆಇಎ ಅಥವಾ ಸಂಸ್ಥೆಯ ಸೀಟು ಹಂಚಿಕೆ ಪತ್ರ, ವರ್ಷವಾರು ಶುಲ್ಕದ ವಿವರ, ಎಸ್‌ಎಸ್‌ಎಲ್‌ಸಿಯಿಂದ ಹಿಡಿದು ಎಲ್ಲಾ ಅಂಕಪಟ್ಟಿ, ಇಬ್ಬರ ಆಧಾರ್ ಮತ್ತು ಪ್ಯಾನ್, ಸಹ-ಸಾಲಗಾರರ ಆದಾಯದ ದಾಖಲೆ, ತಹಶೀಲ್ದಾರರ ಆದಾಯ ಪತ್ರ. ಶುಲ್ಕದ ವಿವರದಲ್ಲಿ ಹಾಸ್ಟೆಲ್, ಪುಸ್ತಕ, ಲ್ಯಾಪ್‌ಟಾಪ್ ಖರ್ಚನ್ನೂ ಸೇರಿಸಿ. ಸಾಲ ಮಂಜೂರಾದ ಮೇಲೆ "ಲ್ಯಾಪ್‌ಟಾಪ್ ಮರೆತುಹೋಯಿತು" ಅಂದರೆ ಮತ್ತೆ ಸೇರಿಸುವುದು ಕಷ್ಟ.

ದೇಶದೊಳಗಿನ ಓದಿನ ಸಾಲಕ್ಕೆ ಪ್ರೊಸೆಸಿಂಗ್ ಶುಲ್ಕ ಬೇಡ ಅಂತ ಮಾದರಿ ಯೋಜನೆಯೇ ಹೇಳುತ್ತದೆ. "ಐದು ಸಾವಿರ ಕೊಡಿ, ಬೇಗ ಮಾಡಿಸಿಕೊಡುತ್ತೇನೆ" ಅನ್ನುವವರನ್ನು ಮನೆ ಬಾಗಿಲಿಗೇ ಬಿಟ್ಟುಕೊಳ್ಳಬೇಡಿ.

5. ಬ್ಯಾಂಕು ಆಗಲ್ಲ ಅಂದರೆ

ಬಾಯಿಮಾತಿನ "ಆಗಲ್ಲ" ಲೆಕ್ಕಕ್ಕಿಲ್ಲ. ಅರ್ಜಿ ಪೋರ್ಟಲ್‌ನಲ್ಲಿ ಇರಲಿ, ಅದಕ್ಕೊಂದು ನಂಬರ್ ಇರಲಿ. ಸಾಮಾನ್ಯವಾಗಿ 15 ದಿನದಿಂದ ಒಂದು ತಿಂಗಳೊಳಗೆ ತೀರ್ಮಾನ ಆಗಬೇಕು. ತಿರಸ್ಕರಿಸುವುದಾದರೆ ಶಾಖೆಯವರು ಮೇಲಿನ ಅಧಿಕಾರಿಯ ಒಪ್ಪಿಗೆ ಪಡೆದು, ಕಾರಣ ತಿಳಿಸಬೇಕು. ಅದನ್ನು ಬರಹದಲ್ಲಿ ಕೇಳಿ. ಬರಹದಲ್ಲಿ ಕೇಳಿದ ಕೂಡಲೇ ಎಷ್ಟೋ ಕಡೆ ಫೈಲು ಜೀವ ಪಡೆಯುತ್ತದೆ.

ಆಗಲೂ ಆಗದಿದ್ದರೆ ಬ್ಯಾಂಕಿನ ಪ್ರಾದೇಶಿಕ ಕಚೇರಿಗೆ ದೂರು ಕೊಡಿ. ಜಿಲ್ಲೆಯ ಲೀಡ್ ಬ್ಯಾಂಕ್ ಮ್ಯಾನೇಜರ್‌ಗೂ ಒಂದು ಪ್ರತಿ ಇರಲಿ. ದೂರಿಗೆ 30 ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲಿ ದೂರು ಹಾಕಬಹುದು. ಖರ್ಚಿಲ್ಲ.

ಆದರೆ ಕಾರಣ ಅಪ್ಪನ ಸಿಬಿಲ್ ಸ್ಕೋರ್ ಆಗಿದ್ದರೆ ದೂರಿನಿಂದ ಪ್ರಯೋಜನ ಕಡಿಮೆ. ಹಳೆಯ ಟ್ರ್ಯಾಕ್ಟರ್ ಸಾಲವೋ, ಬೈಕ್ ಸಾಲವೋ ಬಾಕಿ ಇದ್ದರೆ ಮೊದಲು ಅದನ್ನು ಮುಗಿಸಿ. ಇಲ್ಲವೇ ಅಮ್ಮ ಅಥವಾ ಸಂಬಳ ಇರುವ ಅಣ್ಣ ಸಹ-ಸಾಲಗಾರರಾಗಬಹುದೇ ಅಂತ ಕೇಳಿ.

6. ಇಲ್ಲಿಂದ ಹೊರದೇಶಕ್ಕೆ ಹೊರಟವರು

ಪಿಎಂ ವಿದ್ಯಾಲಕ್ಷ್ಮಿಯಾಗಲಿ, ಅದರ ಬಡ್ಡಿ ಸಹಾಯವಾಗಲಿ ಹೊರದೇಶದ ಓದಿಗೆ ಇಲ್ಲ. ಅಲ್ಪಸಂಖ್ಯಾತರಿಗೆ ಇದ್ದ ಪಢೋ ಪರದೇಶ್ ಬಡ್ಡಿ ಸಹಾಯವನ್ನು ಕೇಂದ್ರ 2022-23ರಿಂದ ನಿಲ್ಲಿಸಿದೆ. ಹಳೆಯ ವಿಡಿಯೊ ನೋಡಿ ಅದನ್ನು ಹುಡುಕುತ್ತಾ ಕೂರಬೇಡಿ.

ವಾಪಸ್ ಕೊಡಬೇಕಿಲ್ಲದ ಹಣ ಇಲ್ಲೂ ಇದೆ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯ, ಭೂರಹಿತ ಕೃಷಿ ಕಾರ್ಮಿಕರು, ಸಾಂಪ್ರದಾಯಿಕ ಕುಶಲಕರ್ಮಿಗಳ ಮಕ್ಕಳಿಗೆ. ಸ್ನಾತಕೋತ್ತರ, ಪಿಎಚ್‌ಡಿಗೆ ಮಾತ್ರ. ವಯಸ್ಸು 35ರೊಳಗೆ, ಆದಾಯ 8 ಲಕ್ಷದೊಳಗೆ, ಅಂಕ ಶೇ 60. ವರ್ಷಕ್ಕೆ 125 ಜನಕ್ಕೆ. ಪರಿಶಿಷ್ಟ ಪಂಗಡಕ್ಕೆ ಬುಡಕಟ್ಟು ಸಚಿವಾಲಯದ್ದೇ ಬೇರೆ, ಅದು ವರ್ಷಕ್ಕೆ 20 ಜನಕ್ಕೆ. ರಾಜ್ಯದ ಸಮಾಜ ಕಲ್ಯಾಣ ಇಲಾಖೆಯ "ಪ್ರಬುದ್ಧ" ಯೋಜನೆಯನ್ನೂ ವಿಚಾರಿಸಿ.

ಆ ದೇಶದ ಸರ್ಕಾರಗಳೇ ನಮ್ಮವರಿಗೆ ಕೊಡುವುದೂ ಇದೆ. ಸಾಲ ಕೊಡುವುದಿಲ್ಲ, ವಿದ್ಯಾರ್ಥಿವೇತನ ಕೊಡುತ್ತವೆ. ಬ್ರಿಟನ್ನಿನ ಚೀವನಿಂಗ್ ಒಂದು ವರ್ಷದ ಸ್ನಾತಕೋತ್ತರಕ್ಕೆ. ಎರಡು ವರ್ಷದ ಕೆಲಸದ ಅನುಭವ ಬೇಕು, ಮುಗಿಸಿ ಎರಡು ವರ್ಷ ದೇಶಕ್ಕೆ ಮರಳಬೇಕು. ಅಮೆರಿಕದ ಫುಲ್‌ಬ್ರೈಟ್-ನೆಹರೂ ಮಾಸ್ಟರ್ಸ್‌ಗೆ ಮೂರು ವರ್ಷದ ಅನುಭವ. ಜರ್ಮನಿಯ ಡಿಎಎಡಿಯಲ್ಲಿ ಹಲವು ಬಗೆ ಇವೆ, ಅಭಿವೃದ್ಧಿಗೆ ಸಂಬಂಧಿಸಿದ ಕೋರ್ಸ್‌ಗಳಿಗೆ ಎರಡು ವರ್ಷದ ಅನುಭವ ಕೇಳುತ್ತಾರೆ. ಜಪಾನ್ ಸರ್ಕಾರದ ಮೆಕ್ಸ್ಟ್ ವಿದ್ಯಾರ್ಥಿವೇತನದಲ್ಲಿ ಶುಲ್ಕ, ತಿಂಗಳ ಖರ್ಚು, ವಿಮಾನದ ಟಿಕೆಟ್ ಎಲ್ಲಾ ಅವರದ್ದೇ. ಗಮನಿಸಿ, ಇವುಗಳಲ್ಲಿ ಎಷ್ಟೋ ಕೆಲಸದ ಅನುಭವ ಕೇಳುತ್ತವೆ. ಡಿಗ್ರಿ ಮುಗಿದ ತಕ್ಷಣ ಸಾಲ ಮಾಡಿ ಓಡುವ ಬದಲು ಎರಡು ಮೂರು ವರ್ಷ ದುಡಿದು ಅರ್ಜಿ ಹಾಕುವುದು ಎಷ್ಟೋ ಮನೆಗೆ ಒಳ್ಳೆಯ ದಾರಿ ಅಂತ ನನಗನ್ನಿಸುತ್ತದೆ.

ಸಾಲವೇ ಗತಿ ಅಂದರೆ ಮೊದಲ ತೊಡಕು ಅಡಮಾನ. ನಮ್ಮ ಹಳ್ಳಿಗಳಲ್ಲಿ ಆಸ್ತಿ ಅಂದರೆ ಪಹಣಿ ಇರುವ ಜಮೀನು. ಆದರೆ ಕೃಷಿ ಭೂಮಿಗೆ ಸರ್ಫೇಸಿ ಕಾಯ್ದೆ ಅನ್ವಯ ಆಗುವುದಿಲ್ಲ, ಸಾಲ ಕೆಟ್ಟರೆ ಬ್ಯಾಂಕು ಅದನ್ನು ಸುಲಭವಾಗಿ ಹರಾಜು ಹಾಕುವಂತಿಲ್ಲ. ಹಾಗಾಗಿ ಎಕರೆಗಟ್ಟಲೆ ತೋಟ ಇದ್ದರೂ ಎಜುಕೇಶನ್ ಲೋನ್‌ಗೆ ಅದನ್ನು ಒಪ್ಪಲು ಬ್ಯಾಂಕುಗಳು ಹಿಂಜರಿಯುತ್ತವೆ. ಬಿ-ಖಾತಾ ಸೈಟು, ಕಂದಾಯ ನಿವೇಶನಕ್ಕೂ ಅದೇ ಕಥೆ. ಊರಿನ ಮನೆಯಾದರೆ ಗ್ರಾಮ ಪಂಚಾಯಿತಿಯ ಇ-ಸ್ವತ್ತು ದಾಖಲೆ, ಪಟ್ಟಣದಲ್ಲಾದರೆ ಇ-ಖಾತಾ, ಜೊತೆಗೆ ಮೂಲ ಕ್ರಯಪತ್ರ, ಋಣಭಾರ ಪತ್ರ, ತೆರಿಗೆ ರಸೀದಿ ಬೇಕು. ಆಸ್ತಿ ಇನ್ನೂ ತಾತನ ಹೆಸರಿನಲ್ಲಿದ್ದರೆ ಅಣ್ಣತಮ್ಮಂದಿರೆಲ್ಲ ಸಹಿ ಹಾಕಬೇಕಾಗುತ್ತದೆ. ಇದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಆಫರ್ ಲೆಟರ್ ಬಂದ ಮೇಲೆ ಶುರು ಮಾಡಿದರೆ ವೀಸಾ ದಿನಾಂಕ ಕೈತಪ್ಪುತ್ತದೆ. ಎಫ್‌ಡಿ, ಎಲ್‌ಐಸಿ ಪಾಲಿಸಿ ಇದ್ದರೆ ಅದೇ ಬೇಗ ಆಗುವ ಅಡಮಾನ.

ಎರಡನೆಯದು, ವೀಸಾಗೆ ತೋರಿಸಬೇಕಾದ ಹಣ. ಜರ್ಮನಿಗೆ ಬ್ಲಾಕ್ಡ್ ಅಕೌಂಟ್‌ನಲ್ಲಿ ವರ್ಷಕ್ಕೆ 11,904 ಯೂರೊ ಇಡಬೇಕು. ಅಲ್ಲಿ ಹೋದ ಮೇಲೆ ತಿಂಗಳಿಗೆ 992 ಯೂರೊ ನಿಮಗೇ ಸಿಗುತ್ತದೆ. ಆಸ್ಟ್ರೇಲಿಯಾ ಒಂದು ವರ್ಷದ ಜೀವನ ಖರ್ಚಿಗೆ 29,710 ಆಸ್ಟ್ರೇಲಿಯನ್ ಡಾಲರ್ ಕೇಳುತ್ತದೆ. ಕೆನಡಾ 2025ರ ಸೆಪ್ಟೆಂಬರ್‌ನಿಂದ 22,895 ಕೆನಡಿಯನ್ ಡಾಲರ್, ಶುಲ್ಕ ಬಿಟ್ಟು. ಈ ಮೊತ್ತ ಆಗಾಗ ಏರುತ್ತದೆ. ಅರ್ಜಿ ಹಾಕುವ ವಾರ ಆ ದೇಶದ ಅಧಿಕೃತ ಪುಟದಲ್ಲಿ ನೋಡಿ. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಶುಲ್ಕ ಇಲ್ಲ ಅನ್ನುವುದೂ ಪೂರ್ತಿ ನಿಜ ಅಲ್ಲ. ಬಾಡೆನ್-ವುರ್ಟೆಂಬರ್ಗ್ ರಾಜ್ಯ 2017ರಿಂದ ಯುರೋಪ್ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೊ ಹಾಕುತ್ತಿದೆ. ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯವೂ ಶುಲ್ಕ ತಂದಿದೆ. ವೀಸಾಗೆ ಮುಂಚೆ, ನಿಮ್ಮ ಓದಿನ ದಾಖಲೆ ಅಸಲಿ ಅಂತ ಪರಿಶೀಲಿಸಿ ಕೊಡುವ ಎಪಿಎಸ್ ಪ್ರಮಾಣಪತ್ರವೂ ಬೇಕು.

ಮೂರನೆಯದು ರೂಪಾಯಿ. ಸಾಲ ರೂಪಾಯಿಯಲ್ಲಿ ಮಂಜೂರಾಗುತ್ತದೆ, ಶುಲ್ಕ ಡಾಲರ್‌ನಲ್ಲಿ. ಎರಡನೇ ವರ್ಷಕ್ಕೆ ರೂಪಾಯಿ ಕುಸಿದರೆ ಕೊರತೆ ನಿಮ್ಮದೇ. ಮಂಜೂರಾತಿ ಕೇಳುವಾಗಲೇ ಒಂದಿಷ್ಟು ಜಾಸ್ತಿ ಕೇಳಿ. ಮಂಜೂರಾದದ್ದನ್ನೆಲ್ಲ ಎತ್ತಲೇಬೇಕು ಅಂತಿಲ್ಲ, ಎತ್ತಿದಷ್ಟಕ್ಕೆ ಮಾತ್ರ ಬಡ್ಡಿ.

7. ಅಲ್ಲೇ ನೆಲೆಸಿದ ಕನ್ನಡಿಗರ ಮಕ್ಕಳು

ಇವರಿಗೆ ಮುಖ್ಯ ಪೌರತ್ವ ಅಥವಾ ಶಾಶ್ವತ ವಾಸದ ಹಕ್ಕು.

ಅಮೆರಿಕದಲ್ಲಿ ಎಲ್ಲಕ್ಕೂ ಬಾಗಿಲು ಫ್ಯಾಫ್ಸಾ, ಅಂದರೆ ಕೇಂದ್ರ (ಫೆಡರಲ್) ಸರ್ಕಾರದ ಓದಿನ ನೆರವಿಗೆ ಹಾಕುವ ಅರ್ಜಿ. ಪೆಲ್ ಗ್ರಾಂಟ್ ವಾಪಸ್ ಕೊಡಬೇಕಿಲ್ಲದ ಹಣ, 2025-26ಕ್ಕೆ ಗರಿಷ್ಠ 7,395 ಡಾಲರ್. ಫೆಡರಲ್ ಸಾಲದಲ್ಲಿ ಸಬ್ಸಿಡಿ ಇರುವುದಕ್ಕೆ ಓದುವಾಗ ಬಡ್ಡಿಯನ್ನು ಸರ್ಕಾರವೇ ಹೊರುತ್ತದೆ. ನಾಗರಿಕರಿಗೆ ಮತ್ತು ಗ್ರೀನ್ ಕಾರ್ಡ್ ಇರುವವರಿಗೆ ಇದು ಸಿಗುತ್ತದೆ. ಅಪ್ಪ ಅಮ್ಮ ಎಚ್-1ಬಿ ವೀಸಾದಲ್ಲಿದ್ದರೂ ಮಗು ಅಲ್ಲೇ ಹುಟ್ಟಿದ್ದರೆ ಅರ್ಜಿ ಹಾಕಬಹುದು, ಎಷ್ಟೋ ಮನೆಯವರು ಇದು ತಮಗಲ್ಲ ಅಂತ ಬಿಟ್ಟುಬಿಡುತ್ತಾರೆ. ಅದೇ ಮನೆಯಲ್ಲಿ ಬೆಂಗಳೂರಿನಲ್ಲಿ ಹುಟ್ಟಿ ಎಚ್-4ರಲ್ಲಿ, ಅಂದರೆ ಅವಲಂಬಿತರ ವೀಸಾದಲ್ಲಿ ಬೆಳೆದ ಅಕ್ಕನಿಗೆ ಸಿಗುವುದಿಲ್ಲ. ಒಂದೇ ಸೂರಿನಡಿ ಎರಡು ಕಾನೂನು. ಸ್ನಾತಕೋತ್ತರಕ್ಕೆ ಹೋಗುವವರು ಇನ್ನೊಂದು ನೋಡಿ: 2025ರ ಜುಲೈನ ಕಾನೂನಿನಂತೆ 2026ರ ಜುಲೈ 1ರಿಂದ ಹೊಸಬರಿಗೆ ಗ್ರ್ಯಾಡ್ ಪ್ಲಸ್ ಅನ್ನುವ ಫೆಡರಲ್ ಸಾಲ ಇಲ್ಲ. ಸ್ನಾತಕೋತ್ತರಕ್ಕೆ ವರ್ಷಕ್ಕೆ 20,500, ಒಟ್ಟು 1 ಲಕ್ಷ ಡಾಲರ್ ಮಿತಿ. ವೈದ್ಯಕೀಯದಂಥ ವೃತ್ತಿ ಕೋರ್ಸ್‌ಗೆ ವರ್ಷಕ್ಕೆ 50,000, ಒಟ್ಟು 2 ಲಕ್ಷ.

ಇಂಗ್ಲೆಂಡಿನಲ್ಲಿ ಸ್ಟೂಡೆಂಟ್ ಫೈನಾನ್ಸ್ ಇಂಗ್ಲೆಂಡ್‌ಗೆ ಅರ್ಜಿ. ಸಾಮಾನ್ಯವಾಗಿ ಶಾಶ್ವತ ವಾಸದ ಹಕ್ಕಿನ ಜೊತೆ ಮೂರು ವರ್ಷ ಅಲ್ಲಿ ವಾಸ ಇರಬೇಕು. 2023ರ ಆಗಸ್ಟ್ ನಂತರ ಸೇರಿದವರಿಗಿರುವ ಪ್ಲಾನ್ 5 ನಿಯಮದಲ್ಲಿ 25,000 ಪೌಂಡ್ ಮೇಲಿನ ಸಂಪಾದನೆಯ ಶೇ 9 ಕಟ್ಟಬೇಕು. 31,000 ದುಡಿದರೆ ವರ್ಷಕ್ಕೆ 540, ತಿಂಗಳಿಗೆ 45 ಪೌಂಡ್. ಸಂಬಳದಲ್ಲೇ ಕಡಿತ ಆಗುತ್ತದೆ. 40 ವರ್ಷದ ನಂತರ ಉಳಿದದ್ದು ಮನ್ನಾ. ಇದನ್ನು ನಮ್ಮವರು ಸಾಲ ಅಂತ ಹೆದರಿ, ಮನೆ ಅಡವಿಟ್ಟು ಶುಲ್ಕ ಕಟ್ಟುವುದು ಜಾಣತನ ಅಲ್ಲ.

ಸಂಪಾದನೆ ನೋಡಿ ಕಟ್ಟಿಸಿಕೊಳ್ಳುವ ಈ ಪದ್ಧತಿಗೆ ಆಸ್ಟ್ರೇಲಿಯಾ ಹಿರಿಯಣ್ಣ, 1989ರಿಂದ ನಡೆಸುತ್ತಿದೆ. 2025-26ರಲ್ಲಿ 67,000 ಡಾಲರ್‌ವರೆಗಿನ ಆದಾಯಕ್ಕೆ ಏನೂ ಕಟ್ಟಬೇಕಿಲ್ಲ, ಅದರ ಮೇಲಿನ ಡಾಲರಿಗೆ 15 ಸೆಂಟ್. 2025ರಲ್ಲಿ ಎಲ್ಲರ ಸಾಲದಲ್ಲೂ ಶೇ 20 ಕಡಿತ ಮಾಡಿದರು. ಆದರೆ ಪಿಆರ್, ಅಂದರೆ ಶಾಶ್ವತ ವಾಸದ ಹಕ್ಕು ಇದ್ದರೆ ಸಾಲದು, ಈ ಸಾಲಕ್ಕೆ ಸಾಮಾನ್ಯವಾಗಿ ಪೌರತ್ವ ಬೇಕು. ಮಕ್ಕಳು ಹನ್ನೆರಡನೇ ತರಗತಿಗೆ ಬರುವ ಮುಂಚೆ ಪೌರತ್ವದ ಅರ್ಜಿ ಮುಗಿಸಿಕೊಳ್ಳುವುದು ಇದಕ್ಕೇ. ಕೆನಡಾದಲ್ಲಿ ಪಿಆರ್ ಸಾಕು. ಅರ್ಜಿ ಪ್ರಾಂತ್ಯದ ಮೂಲಕ, ಒಂಟಾರಿಯೊದಲ್ಲಾದರೆ ಓಸ್ಯಾಪ್. ಫೆಡರಲ್ ಸಾಲದ ಮೇಲೆ 2023ರ ಏಪ್ರಿಲ್ 1ರಿಂದ ಬಡ್ಡಿಯೇ ಇಲ್ಲ. ಜರ್ಮನಿಯ ಸರ್ಕಾರ ಓದಿಗೆ ಕೊಡುವ ಬಾಫೋಗ್ ನೆರವಿನಲ್ಲಿ ಅರ್ಧ ಉಚಿತ, ಇನ್ನರ್ಧ ಬಡ್ಡಿ ಇಲ್ಲದ ಸಾಲ, ವಾಪಸ್ ಕೊಡಬೇಕಾದದ್ದಕ್ಕೆ 10,010 ಯೂರೊ ಮಿತಿ.

8. ಸಾಲ ತೀರಿಸುವಾಗ

ಇಲ್ಲಿನ ಸಾಲದವರಿಗೆ ಮತ್ತೆ ಬರೋಣ. ಓದುವಾಗಲೇ ಬಡ್ಡಿಯನ್ನಾದರೂ ಕಟ್ಟುತ್ತಾ ಬಂದರೆ ಶೇ 1 ರಿಯಾಯಿತಿ ಕೊಡಬಹುದು ಅಂತ ಮಾದರಿ ಯೋಜನೆಯಲ್ಲಿದೆ. ನಿಮ್ಮ ಬ್ಯಾಂಕು ಕೊಡುತ್ತದೆಯೇ ಅಂತ ಸಹಿ ಹಾಕುವ ಮುಂಚೆ ಕೇಳಿ. ಮೇಲಿನ ಲೆಕ್ಕದಲ್ಲಿ ಮೊದಲ ವರ್ಷದ ಬಡ್ಡಿ ತಿಂಗಳಿಗೆ ಎರಡು ಸಾವಿರ ಚಿಲ್ಲರೆ ಅಷ್ಟೇ. ಅವಧಿಗೆ ಮುಂಚೆ ತೀರಿಸಿದರೆ ದಂಡ ಇಲ್ಲ.

ಹಳೆಯ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಕಟ್ಟಿದ ಬಡ್ಡಿಯಷ್ಟೂ ಆದಾಯದಿಂದ ಕಳೆಯಲು ಅವಕಾಶ ಇದೆ, ಎಂಟು ವರ್ಷದವರೆಗೆ, ಮೊತ್ತಕ್ಕೆ ಮಿತಿ ಇಲ್ಲ. ಅಸಲಿಗೆ ಇಲ್ಲ. ಬ್ಯಾಂಕ್ ಸಾಲದ ಹಣವನ್ನೇ ಹೊರದೇಶಕ್ಕೆ ಕಳಿಸಿದರೆ 2025ರ ಏಪ್ರಿಲ್‌ನಿಂದ ಟಿಸಿಎಸ್, ಅಂದರೆ ಹಣ ಕಳಿಸುವಾಗಲೇ ವಸೂಲು ಮಾಡುವ ತೆರಿಗೆ ಕೂಡ ಇಲ್ಲ.

ಕೆಲಸ ಹೋಯಿತು, ಕಂತು ಕಷ್ಟ ಅನ್ನಿಸಿದರೆ ಎರಡು ಕಂತು ತಪ್ಪುವ ಮುಂಚೆಯೇ ಶಾಖೆಗೆ ಹೋಗಿ ಮರುಹೊಂದಾಣಿಕೆ ಕೇಳಿ. ಮೂರು ತಿಂಗಳು ದಾಟಿ ಎನ್‌ಪಿಎ, ಅಂದರೆ ಕೆಟ್ಟ ಸಾಲ ಅಂತ ಆದರೆ ಅಪ್ಪನ ಬೆಳೆ ಸಾಲಕ್ಕೂ ಪೆಟ್ಟು ಬೀಳುತ್ತದೆ.

ಕೊನೆಯ ಕಂತು ಕಟ್ಟಿದ ದಿನವೇ ಬಾಕಿ ಇಲ್ಲ ಅನ್ನುವ ಪತ್ರ ಕೇಳಿ. ಆಸ್ತಿ ಅಡವಿಟ್ಟಿದ್ದರೆ ಮೂಲ ಕ್ರಯಪತ್ರವನ್ನು ಬ್ಯಾಂಕು 30 ದಿನದೊಳಗೆ ವಾಪಸ್ ಕೊಡಬೇಕು. ಬ್ಯಾಂಕಿನ ಕಡೆಯಿಂದಲೇ ತಡ ಆದರೆ ದಿನಕ್ಕೆ 5,000 ರೂಪಾಯಿ ಪರಿಹಾರ, 2023ರ ಡಿಸೆಂಬರ್‌ನಿಂದ ರಿಸರ್ವ್ ಬ್ಯಾಂಕಿನ ನಿಯಮ ಇದು. ಕ್ರಯಪತ್ರ ಕೈಗೆ ಬಂದ ಮೇಲೆ ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಹೊಸ ಋಣಭಾರ ಪತ್ರ ತೆಗೆಸಿ, ಬ್ಯಾಂಕಿನ ಹೆಸರು ತೆಗೆದಿದ್ದಾರಾ ಅಂತ ನೋಡಿಕೊಳ್ಳಿ.